ಮುಗಿದ ಸಮಯವಿಲ್ಲದ ಕರೆ

ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಸೋಮವಾರ ಅದು. ಅಂತ್ಯಕ್ರಿಯೆಗೆಂದು ಬಾಡಿಗೆಗೆ ತಂದಿದ್ದ ಕುರ್ಚಿಗಳೂ ಹಿಂದಿನ ದಿನ ವಾಪಸಾಗಿದ್ದವು. ಇನ್ಸ್‌ಪೆಕ್ಟರ್ ಎಂದಿನ ಹೊತ್ತಿಗೆ ಎದ್ದಳು, ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಕೊಂಡಳು. ಬೆಲ್ಟು ಒಂದು ತೂತು ಒಳಗೆ ಕೂತಿತು. ಬಾಗಿಲ ಕಡೆ ಹೊರಟಾಗ ಏಣಿ ಕಾಲಿಗೆ ತಗುಲಿತು.

ಮಡಚುವ ಏಣಿ. ಮೆಟ್ಟಿಲುಗಳ ತುಂಬ ಬಣ್ಣದ ಹನಿಗಳು. ಓಣಿಯಂಥ ನಡುದಾರಿಯ ಬಲ್ಬು ಹೋಗಿತ್ತೆಂದು ಗಂಡ ಅದನ್ನು ಕೆಳಮನೆಯ ಪೇಂಟರನಿಂದ ಎರವಲು ತಂದು ಗೋಡೆಗೆ ಒರಗಿಸಿದ್ದ. "ಭಾನುವಾರ ಎದ್ದ ತಕ್ಷಣ ಹಾಕ್ತೀನಿ" ಅಂದಿದ್ದ. ಆ ಭಾನುವಾರ ಅವನು ಏಳಲಿಲ್ಲ.

"ಇವತ್ತೇ ಹೋಗಬೇಕಾ?" ಅಡುಗೆಮನೆಯಿಂದ ಅತ್ತೆ ಕೇಳಿದರು.

"ಹೋಗ್ತೀನಿ ಅತ್ತೆ."

"ಹೋಗು, ಹೋಗು. ಇಬ್ಬರೂ ಗೋಡೆ ನೋಡ್ತಾ ಕೂತರೆ ಗೋಡೆಗೂ ಬೇಜಾರು."

ಬೀದಿಯಲ್ಲಿ ಪೇಂಟರ್ ಒಂದು ಅಂಗಡಿಯ ಶಟರಿನ ಮೇಲ್ಭಾಗಕ್ಕೆ ಬಣ್ಣ ಹೊಡೆಯುತ್ತಿದ್ದ. ಒಂದರ ಮೇಲೊಂದು ಡಬ್ಬ ಪೇರಿಸಿ, ಅದರ ಮೇಲೆ ತುದಿಗಾಲಲ್ಲಿ ನಿಂತಿದ್ದ. ಅವಳನ್ನು ಕಂಡು ಇಳಿಯಲೋ ಬೇಡವೋ ಎಂದು ತಡವರಿಸಿದ. ಡಬ್ಬ ಅಲುಗಿತು.

"ಬಿದ್ದೀರಿ, ಜೋಪಾನ."

"ಏನಿಲ್ಲ ಮೇಡಂ, ಅಭ್ಯಾಸ."

ಏಣಿಯ ಮಾತನ್ನು ಅವನು ಎತ್ತಲಿಲ್ಲ. ಅವಳಿಗೂ ಆ ಹೊತ್ತಿಗೆ ಅದು ಹೊಳೆಯಲಿಲ್ಲ.

ಠಾಣೆಯಲ್ಲಿ ಎಲ್ಲರೂ ಒಂದು ಕ್ಷಣ ಹೆಚ್ಚೇ ನೆಟ್ಟಗೆ ನಿಂತರು. ಹೆಡ್ ಕಾನ್‌ಸ್ಟೇಬಲ್‌ನನ್ನು ಠಾಣೆಯವರೆಲ್ಲ ಕರೆಯುವುದು ಉದ್ದಣ್ಣ ಅಂತ. ಪ್ರತಿ ಬಾಗಿಲಿಗೂ ತಲೆ ಬಾಗಿಸಿ ಅಭ್ಯಾಸವಾಗಿ ಬಯಲಿನಲ್ಲೂ ಬಾಗಿಯೇ ನಡೆಯುವವನು. ಅವನು ಏನೋ ಹೇಳಲು ಬಾಯಿ ತೆರೆದ. ಕೊನೆಗೆ, "ನಿಮ್ಮ ರೂಮಿನ ಫ್ಯಾನ್ ರಿಪೇರಿ ಮಾಡಿಸಿದೀನಿ ಮೇಡಂ" ಅಂದ. ಅವನ ಮಟ್ಟಿಗೆ ಅದೇ ಸಂತಾಪ.

ದೂರು ಬಂದದ್ದು ೯.೪೦ಕ್ಕೆ. ತಂದವನು ನಗರದ ಅಂಬುಲೆನ್ಸ್ ಕರೆ ಕೇಂದ್ರದ ತಾಂತ್ರಿಕ ಮುಖ್ಯಸ್ಥ. ಐವತ್ತರ ಆಸುಪಾಸಿನವನು, ಕುತ್ತಿಗೆಯ ಬೆವರನ್ನು ಟೈಯಿಂದಲೇ ಒರೆಸಿಕೊಳ್ಳುತ್ತಿದ್ದ. ಅಂಬುಲೆನ್ಸ್ ಕೇಂದ್ರ ಎಂಬ ಮಾತು ಕಿವಿಗೆ ಬಿದ್ದೊಡನೆ ಇನ್ಸ್‌ಪೆಕ್ಟರ್‌ಳ ಕಣ್ಣು ಅವನ ಮೇಲೆ ನೆಟ್ಟಿತು. ಎರಡು ವಾರದ ಹಿಂದೆ ಆ ಕೇಂದ್ರಕ್ಕೆ ಅವಳೂ ಕರೆ ಮಾಡಿದ್ದಳು.

"ಏನು ಕಳುವಾಗಿದೆ?"

"ಏನೂ ಕಳುವಾಗಿಲ್ಲ ಮೇಡಂ. ಬೀಗ ಬದಲಾಗಿದೆ."

"ಅಂದ್ರೆ?"

ಅವನು ಹೇಳಿದ. ಕೇಂದ್ರದ ಕಂಪ್ಯೂಟರ್ ವ್ಯವಸ್ಥೆಯೆಲ್ಲ ನೆಲಮಾಳಿಗೆಯ ಒಂದು ಹಳೆಯ ಸರ್ವರ್‌ನಲ್ಲಿದೆ. ಯಾರು ಎಲ್ಲಿಂದ ಕರೆದರು, ಯಾವ ಗಾಡಿ ಎಲ್ಲಿದೆ, ಎಲ್ಲ ಅದರಲ್ಲೇ. ಅದನ್ನು ಕ್ಲೌಡ್‌ಗೆ, ಅಂದರೆ ದೂರದ ಬಾಡಿಗೆ ಸರ್ವರ್‌ಗಳಿಗೆ, ಸಾಗಿಸಲು ಎರಡು ತಿಂಗಳಿಂದ ಪೂರ್ವಸಿದ್ಧತೆ ನಡೆದಿತ್ತು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಸಾಗಾಟ ಶುರುವಾಗಬೇಕಿತ್ತು. ಆದರೆ ಆರೂವರೆಗೆ ಯಾರೋ ಕ್ಲೌಡ್‌ನ ಮಾಸ್ಟರ್ ಖಾತೆಗೆ ಹೋಗಿ, ಪಾಸ್‌ವರ್ಡ್ ಬದಲಿಸಿ, ಇಲ್ಲಿಂದ ಅಲ್ಲಿಗೆ ಹಾಕಿದ್ದ ದಾರಿಯನ್ನು ಮುಚ್ಚಿದ್ದರು.

"ಕ್ಲೌಡ್ ಕಂಪನಿಯವರನ್ನ ಕೇಳಿದ್ರಾ?"

"ಕಾಗದಪತ್ರ ಎಲ್ಲ ಪರಿಶೀಲಿಸಿ ಖಾತೆ ಬಿಡಿಸಿಕೊಡೋಕೆ ನಾಲ್ಕು ದಿನ ಅಂತಾರೆ. ನಮ್ಮ ಹತ್ರ ನಾಲ್ಕು ದಿನ ಇಲ್ಲ."

"ಯಾಕಿಲ್ಲ?"

"ಸರ್ವರ್‌ನಲ್ಲಿ ಎರಡು ಡಿಸ್ಕ್ ಇದ್ವು, ಒಂದು ಹೋದ್ರೆ ಇನ್ನೊಂದು ಇರಲಿ ಅಂತ. ನಿನ್ನೆ ಸಂಜೆ ಒಂದು ಹೋಯ್ತು. ಇನ್ನೊಂದು ಇವತ್ತು ಬೆಳಗಿಂದ ಶಬ್ದ ಮಾಡ್ತಿದೆ. ಅದೂ ಹೋದ್ರೆ ಕರೆ ಕೇಂದ್ರಕ್ಕೆ ಕಣ್ಣು ಹೋದ ಹಾಗೆ."

"ಇನ್ನೊಂದು ಪ್ರತಿ?"

ಅವನು ಟೈ ನೋಡಿಕೊಂಡ. "ಪ್ರತಿ ತೆಗೆಯೋ ಯಂತ್ರ ಕೆಟ್ಟಿದೆ. ಹೇಗೂ ಸಾಗಿಸ್ತೀವಲ್ಲ ಅಂತ ಹೊಸದು ತರಿಸಲಿಲ್ಲ."

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಏನು ಬಂತು, ಗೊತ್ತೇ ಇದೆ. ನಮ್ಮ ನೆಟ್‌ವರ್ಕ್ ತಂತ್ರಜ್ಞ. ಬೇರೆ ಕಡೆ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೋಗ್ತಿದಾನೆ. ಹೋಗೋ ಮುಂಚೆ ನಮ್ಮ ತಲೆ ಮೇಲೆ ಕಲ್ಲು ಹಾಕಿ ಹೋಗ್ತಿದಾನೆ."

೧೦.೧೫ಕ್ಕೆ ಎಫ್‌ಐಆರ್ ದಾಖಲಾಯಿತು. ಉದ್ದಣ್ಣ ಜೀಪಿಗೆ ಬಾಗಿ ಹತ್ತಿದ. ಮಹಿಳಾ ಕಾನ್‌ಸ್ಟೇಬಲ್ ಹಿಂದೆ ಕೂತಳು.

ಕರೆ ಕೇಂದ್ರ ಇದ್ದದ್ದು ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ. ಉದ್ದನೆಯ ಹಾಲ್, ಸಾಲು ಮೇಜುಗಳು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಆಪರೇಟರ್‌ಗಳು. ಎದುರು ಗೋಡೆಯ ದೊಡ್ಡ ಪರದೆಯ ಮೇಲೆ ಒಂದೊಂದು ಕರೆಗೂ ಒಂದೊಂದು ಗೆರೆ. ಹೊಸದಕ್ಕೆ ಕೆಂಪು, ಗಾಡಿ ಹೊರಟರೆ ಹಳದಿ, ಮುಗಿದರೆ ಹಸಿರಾಗಿ ಮಾಯ. ಪರದೆಯ ತಳದಲ್ಲಿ ಒಂದು ಕೆಂಪು ಗೆರೆ ಮಾತ್ರ ಅಲುಗದೆ ಇತ್ತು.

"ಅದ್ಯಾಕೆ ಹಾಗಿದೆ?"

"ಹಳೇ ಕಸ ಮೇಡಂ. ಹೊಸ ಮನೆಗೆ ಬರಲ್ಲ ಬಿಡಿ" ಎಂದ ಮುಖ್ಯಸ್ಥ.

ಇನ್ಸ್‌ಪೆಕ್ಟರ್ ತಲೆಯಾಡಿಸಿದಳು. ಅವಳ ಗಮನ ಪರದೆಯ ಮೇಲೆ ಪೂರ್ತಿ ಇರಲಿಲ್ಲ. ಮೈಯೆಲ್ಲ ಕಿವಿಯಾಗಿ ನಿಂತಿದ್ದಳು. ಹತ್ತಾರು ಧ್ವನಿಗಳ ನಡುವೆ ಒಂದು ಧ್ವನಿ ಎಲ್ಲಿ ಕೇಳಿಬಿಡುತ್ತದೋ ಎಂಬ ಅಂಜಿಕೆ. ಆ ಭಾನುವಾರ ಫೋನಿನಲ್ಲಿ ಮಾತಾಡಿದ ಹೆಂಗಸಿನ ಧ್ವನಿ ಅವಳಿಗೆ ಗೊತ್ತು, ಮುಖ ಗೊತ್ತಿಲ್ಲ. ಕೇಳಿಸಲಿಲ್ಲ. ನಿಟ್ಟುಸಿರಿಟ್ಟು ನೆಲಮಾಳಿಗೆಗೆ ಇಳಿದಳು.

ಕೆಳಗೆ ತೇವದ ವಾಸನೆ. ಸರ್ವರ್ ಕೋಣೆಯ ಬಾಗಿಲು ತೆಗೆದರೆ ಮೊದಲು ಕೇಳಿಸಿದ್ದು ಡಿಸ್ಕಿನ ಸದ್ದು: ಕಟ್, ಕಟ್, ಸ್ವಲ್ಪ ಬಿಟ್ಟು ಮತ್ತೆ ಕಟ್. ಯಾರೋ ಬೆರಳಿನ ನೆಟಿಕೆ ತೆಗೆಯುತ್ತ ಕೂತ ಹಾಗೆ. ತಂತ್ರಜ್ಞ ಅದರ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡಿದ್ದ. ಇನ್ನೂ ಚಿಕ್ಕ ವಯಸ್ಸು, ಕಣ್ಣು ಕೆಂಪಗೆ, ಒಂದು ಮಂಡಿಗೆ ದಪ್ಪ ಪಟ್ಟಿ. ಗೋಡೆಗೆ ಒಂದು ಇಂಟರ್‌ಕಾಮ್. ಉದ್ದಣ್ಣ ಇಬ್ಬರು ಪಂಚರನ್ನು ನಿಲ್ಲಿಸಿ ಪಂಚನಾಮೆ ಶುರು ಮಾಡಿದ.

"ಈ ಶಬ್ದ ಎಷ್ಟು ಹೊತ್ತು ತಡೆಯುತ್ತೆ?"

"ಸಂಜೆವರೆಗೂ ತಡೀಬಹುದು, ಈಗಲೇ ನಿಲ್ಲಬಹುದು. ದಾರಿ ತೆಗೆದ್ರೆ ಮೂರು ಗಂಟೇಲಿ ಎಲ್ಲ ಸಾಗಿಸ್ತೀನಿ ಮೇಡಂ. ದಾರಿ ಒಂದಿಲ್ಲ."

"ಪಾಸ್‌ವರ್ಡ್ ಯಾರಿಗೆ ಗೊತ್ತಿತ್ತು?"

"ನಂಗೆ. ಸಾಹೇಬ್ರಿಗೆ."

"ಪಾಸ್‌ವರ್ಡ್ ಒಂದೇ ಸಾಕಾ?"

"ಇಲ್ಲ. ಒಂದು ಕೋಡ್ ಬರುತ್ತೆ, ಖಾತೆಗೆ ಅಂತಲೇ ಇಟ್ಟ ಫೋನಿಗೆ. ಇಲ್ಲಿ ಸಿಗ್ನಲ್ ಸಿಗಲ್ಲ. ಅದಕ್ಕೆ ಆ ಫೋನ್ ಮೇಲೆ ಹಾಲಿನ ಕಿಟಕಿ ಹತ್ರ ಇರುತ್ತೆ. ಮತ್ತೆ ಎಲ್ಲಿಂದಂದ್ರೆ ಅಲ್ಲಿಂದ ಖಾತೆ ತೆರೆಯೋ ಹಾಗಿಲ್ಲ. ಒಂದೇ ಕಂಪ್ಯೂಟರಿನ ವಿಳಾಸಕ್ಕೆ ಅನುಮತಿ. ಅದು ಹಾಲಿನ ಸೂಪರ್‌ವೈಸರ್ ಮೇಜಿನದು."

"ಅಂದ್ರೆ ಭಾನುವಾರ ಬೆಳಿಗ್ಗೆ ಮಾಡಿದವರು ಆ ಮೇಜಿಗೇ ಹೋಗಿ ಮಾಡಿದಾರೆ."

"ಹೌದು."

"ನೀವು ಎಲ್ಲಿದ್ರಿ?"

"ಇಲ್ಲೇ. ಎಂಟು ಗಂಟೆ ಕೆಲಸಕ್ಕೆ ಆರಕ್ಕೇ ಬಂದಿದ್ದೆ."

"ನೋಡಿ!" ಮುಖ್ಯಸ್ಥ ನಡುವೆ ಬಾಯಿ ಹಾಕಿದ. "ಕಟ್ಟಡದಲ್ಲೇ ಇದ್ದ. ಒಪ್ಕೊಂಡ."

"ಈ ಎರಡು ತಿಂಗಳು ಸಿದ್ಧತೆ ಎಲ್ಲ ಮಾಡಿದ್ದು ಯಾರು? ಖಾತೆ, ಅನುಮತಿ, ದಾರಿ?"

"ನಾನೇ. ಪ್ರತಿ ಸಲ ಮೇಲೆ ಹೋಗಿ ಮಾಡಿ ಬರ್ತಿದ್ದೆ." ಹೇಳುವಾಗ ಅವನು ಡಿಸ್ಕಿನ ಕಡೆ ನೋಡಿದ, ಅವಳ ಕಡೆ ನೋಡಲಿಲ್ಲ.

ಇನ್ಸ್‌ಪೆಕ್ಟರ್ ಇಂಟರ್‌ಕಾಮ್ ನೋಡಿದಳು. ಒಂದು ಗುಂಡಿಯ ಮೇಲಿನ ಅಂಕಿ ಪೂರಾ ಸವೆದುಹೋಗಿತ್ತು. ಉಳಿದವೆಲ್ಲ ಹೊಚ್ಚ ಹೊಸದರಂತಿದ್ದವು. ಅವಳು ಉದ್ದಣ್ಣನ ಮುಖ ನೋಡಿದಳು. ಅವನು ಆಗಲೇ ಆ ಮಂಡಿಯ ಪಟ್ಟಿ ನೋಡುತ್ತಿದ್ದ.

"ಮಂಡಿಗೆ ಏನಾಗಿದೆಯಪ್ಪ?" ಉದ್ದಣ್ಣ ಕೇಳಿದ.

"ಸ್ಕೂಟರಿಂದ ಬಿದ್ದೆ. ಮೂರು ತಿಂಗಳಾಯ್ತು. ಆಪರೇಷನ್ ಆಗ್ಬೇಕು."

"ಹಾಗಾದ್ರೆ ಬಾ, ಮೇಲೆ ಹೋಗಿ ಮಾತಾಡೋಣ. ಪ್ರತಿ ಸಲ ಹೋಗೋನಲ್ವಾ."

ತಂತ್ರಜ್ಞ ಕಂಬಿ ಹಿಡಿದು ಹತ್ತಿದ. ನಾಲ್ಕನೇ ಮೆಟ್ಟಿಲಿಗೆ ಹಲ್ಲು ಕಚ್ಚಿದ. ಇನ್ನೊಂದು ಹತ್ತಿ ಕುಸಿದು ಕೂತ. ಹಣೆಯ ಮೇಲೆ ಬೆವರು ಮುತ್ತುಗಟ್ಟಿತ್ತು. ಇನ್ಸ್‌ಪೆಕ್ಟರ್ ಅವನ ಪಕ್ಕದ ಮೆಟ್ಟಿಲ ಮೇಲೇ ಕೂತಳು.

"ಹೊಸ ಕೆಲಸ ಕೊಡೋರಿಗೆ ತಿಳಿದ್ರೆ ಕಷ್ಟ ಅಂತ ಸುಳ್ಳು ಹೇಳಿದ್ರಿ. ಅಲ್ವಾ?"

"ಮಾಸ್ಟರ್ ಖಾತೆ ಬೇರೆಯವರ ಕೈಗೆ ಕೊಟ್ಟೋನಿಗೆ ಯಾರು ಕೆಲಸ ಕೊಡ್ತಾರೆ ಮೇಡಂ?" ಅವನು ಮಂಡಿ ಒತ್ತಿಕೊಂಡ. "ಇಂಟರ್‌ಕಾಮ್ ಒತ್ತೋದು, ಮೇಲಿದ್ದವರಿಗೆ ಪಾಸ್‌ವರ್ಡ್ ಹೇಳೋದು, ಕೋಡ್ ನೋಡಿ ಹಾಕಿ ಅನ್ನೋದು, ಎಡಗಡೆ ಒತ್ತಿ, ಆ ಪುಟ ತೆಗೀರಿ, ಈ ನಂಬರು ಬರೀರಿ ಅನ್ನೋದು. ನನ್ನ ತಲೆ ಕೆಳಗಿತ್ತು, ಕೈ ಮೇಲಿತ್ತು. ಹೊಸ ಮನೆಗೆ ಬೀಗ, ಗೇಟು, ರಸ್ತೆ, ಎಲ್ಲ ಹಾಗೇ ಆಗಿದ್ದು."

"ಕೈ ಯಾರದು?"

"ಯಾರು ಖಾಲಿ ಇದ್ರೆ ಅವರದು."

"ಎಲ್ಲರದೂ ಅಂದ್ರೆ ಯಾರದೂ ಅಲ್ಲ" ಎಂದ ಉದ್ದಣ್ಣ. "ಸರಿಯಾಗಿ ಹೇಳಪ್ಪ."

ಅವನು ಕೆಳಗಿನ ಬಾಗಿಲ ಕಡೆ ತಿರುಗಿದ. ಕೆಳಗಿನಿಂದ ಸದ್ದು ಬಂತು. ಕಟ್. ಕಟ್, ಕಟ್. ಈಗ ಬಿಡುವು ಕಡಿಮೆಯಾಗಿತ್ತು.

೧೧.೩೦. ಭಾನುವಾರ ಬೆಳಗಿನ ಪಾಳಿಯಲ್ಲಿದ್ದವರು ಮೂವರು, ಮೂವರೂ ಅಂದು ಕೆಲಸದಲ್ಲಿದ್ದರು. ಮುಖ್ಯಸ್ಥ ತನ್ನ ಗಾಜಿನ ಕೋಣೆ ಬಿಟ್ಟುಕೊಟ್ಟ. ಮೊದಲು ಬಂದವನನ್ನು ಎಲ್ಲರೂ ರೇಡಿಯೋ ಅನ್ನುತ್ತಿದ್ದರು. ಕೂರುವ ಮೊದಲೇ ಮಾತು ಶುರು ಮಾಡಿದ.

"ಕೋಡ್ ಓದಿಲ್ಲ ಅಂತ ಹೇಳಲ್ಲ ಮೇಡಂ, ಓದಿದೀನಿ. ಎಲ್ಲರೂ ಓದಿದೀವಿ. ಕೆಳಗಿಂದ ಆ ಹುಡುಗ ಕೂಗಿದ್ರೆ ಓದದೆ ಏನು ಮಾಡೋದು? ಆದ್ರೆ ಬರೀ ಓದಿದ್ದು. ಆ ಕಂಪ್ಯೂಟರಿನ ತಲೆಬುಡ ನಂಗೆ ಗೊತ್ತಿಲ್ಲ."

"ಯಾರಿಗೆ ಗೊತ್ತು?"

ರೇಡಿಯೋ ಗಾಜಿನಾಚೆ ನೋಡಿದ. ಮಾತು ತಿರುಗಿಸಲು ಪರದೆಯತ್ತ ಕೈ ತೋರಿಸಿ ನಕ್ಕ. "ಆ ಕೆಂಪು ಗೆರೆ ನೋಡ್ತಿದ್ರಲ್ಲ ನೀವು? ಅದು ದೊಡ್ಡಕ್ಕನ ಮಗು. ಆರು ವರ್ಷ ಆಯ್ತು. ಊಟ ತಿಂಡಿ ಏನೂ ಕೇಳಲ್ಲ, ಸ್ಕೂಲ್ ಫೀಸೂ ಇಲ್ಲ."

"ದೊಡ್ಡಕ್ಕ ಯಾರು?"

"ಕೊನೇ ಮೇಜು. ಇಲ್ಲಿ ಎಲ್ಲರಿಗೂ ಕೆಲಸ ಕಲಿಸಿದ್ದು ಅವರೇ."

ಎರಡನೆಯವಳು ಹೊಸಬಳು. ಭಾನುವಾರ ಆರರಿಂದ ಏಳರವರೆಗೆ ಅಪಘಾತವೊಂದರ ಕರೆಯಲ್ಲೇ ಮುಳುಗಿದ್ದಳು. ಸೂಪರ್‌ವೈಸರ್ ಮೇಜಿನ ಕಡೆ ತಿರುಗಿಯೂ ನೋಡಿರಲಿಲ್ಲ. ಕರೆಗಳ ದಾಖಲೆಯೂ ಅವಳ ಮಾತನ್ನು ಒಪ್ಪಿತು.

ಮೂರನೆಯವಳನ್ನು ಕರೆಯಲು ಇನ್ಸ್‌ಪೆಕ್ಟರ್ ತಾನೇ ಎದ್ದು ಹೋದಳು. ಕೊನೆಯ ಮೇಜಿನಲ್ಲಿ ಐವತ್ತು ದಾಟಿದ ಹೆಂಗಸು, ಕನ್ನಡಕದ ದಾರ ಕುತ್ತಿಗೆಗೆ. ಆಗಷ್ಟೇ ಒಂದು ಕರೆ ಎತ್ತಿಕೊಂಡಿದ್ದಳು.

"ಉಸಿರಿಲ್ವಾ? ಸರಿ, ಗಾಡಿ ಹೊರಟಿದೆ. ಫೋನ್ ಪಕ್ಕದಲ್ಲಿಡಿ. ಎರಡೂ ಕೈ ಎದೆ ಮಧ್ಯಕ್ಕೆ. ಒತ್ತಿ. ನಾನು ಎಣಿಸ್ತೀನಿ, ನೀವೂ ಎಣಿಸಿ. ಒಂದು, ಎರಡು, ಮೂರು. ನಿಲ್ಲಿಸಬೇಡಿ. ನಾನಿಲ್ಲೇ ಇದೀನಿ."

ಇನ್ಸ್‌ಪೆಕ್ಟರ್‌ಳ ಕಿವಿಗೆ ಆ ಭಾನುವಾರದ ಧ್ವನಿಯೇ ಬಿತ್ತು. ತನ್ನ ಎರಡು ಕೈಗಳೂ ಒಂದರ ಮೇಲೊಂದು ಬೆರಳು ಹೆಣೆದು ನಿಂತಿರುವುದನ್ನು ಆಮೇಲೆ ಕಂಡುಕೊಂಡಳು. ಬಿಡಿಸಿ ಬೆನ್ನ ಹಿಂದೆ ಕಟ್ಟಿಕೊಂಡಳು. ಪರದೆಯ ಮೇಲೆ ಗೆರೆ ಹಳದಿಯಾಯಿತು. ಆ ಕಡೆಯವರು ಕೊನೆಗೆ ಏನು ಹೇಳಿದರೋ, ದೊಡ್ಡಕ್ಕ "ದೇವರು ದೊಡ್ಡವನು, ಹಾಗೇ ಮಗ್ಗುಲಾಗಿ ಮಲಗಿಸಿ" ಅಂದಳು.

ಗಾಜಿನ ಕೋಣೆಯಲ್ಲಿ ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ಕೋಡ್ ಓದಿದೀರಾ?"

"ಓದಿದೀನಿ."

"ಕಂಪ್ಯೂಟರಿನಲ್ಲಿ ಒತ್ತಿದೀರಾ?"

"ಅವನು ಹೇಳಿದ ಕಡೆ ಒತ್ತಿದೀನಿ. ಪಾಪ, ಅವನ ಕಾಲಿಗೆ ಆಗಲ್ಲ. ಅವನ್ನ ಏನೂ ಮಾಡಬೇಡಿ ಮೇಡಂ."

"ಭಾನುವಾರ ಬೆಳಿಗ್ಗೆ?"

ಅಷ್ಟರಲ್ಲಿ ಇಂಟರ್‌ಕಾಮ್ ಕೂಗಿತು. ಕೆಳಗಿನಿಂದ ಉದ್ದಣ್ಣ. "ಮೇಡಂ, ಶಬ್ದ ಜೋರಾಗಿದೆ. ಹುಡುಗ ತಲೆ ಮೇಲೆ ಕೈ ಹೊತ್ತು ಕೂತಿದಾನೆ."

ದೊಡ್ಡಕ್ಕನ ಮುಖದ ಬಣ್ಣ ಇಳಿಯಿತು. ಇನ್ಸ್‌ಪೆಕ್ಟರ್ ಅದನ್ನು ಕಂಡಳು. "ಇಲ್ಲೇ ಕೂತಿರಿ" ಎಂದು ಮಹಿಳಾ ಕಾನ್‌ಸ್ಟೇಬಲ್‌ಗೆ ಕಣ್ಸನ್ನೆ ಮಾಡಿ, ಹೊರಗೆ ಸೂಪರ್‌ವೈಸರ್ ಮೇಜಿನ ಇಂಟರ್‌ಕಾಮ್ ಎತ್ತಿಕೊಂಡಳು.

"ತಂತ್ರಜ್ಞನಿಗೆ ಕೊಡಿ. ಕೇಳಿ, ಸಾಗಿಸೋ ಮುಂಚೆ ಏನೇನು ಮುಗೀಬೇಕಿತ್ತು?"

"ಖಾತೆ ಆಗಿತ್ತು. ಯಾರಿಗೆ ಯಾವ ಅನುಮತಿ ಅನ್ನೋದು ಆಗಿತ್ತು. ನಮ್ಮ ನೆಟ್‌ವರ್ಕಿನ ವಿಳಾಸಕ್ಕೂ ಅಲ್ಲಿನ ವಿಳಾಸಕ್ಕೂ ಡಿಕ್ಕಿ ಆಗದ ಹಾಗೆ ನೋಡಿದ್ವಿ. ದಾರಿ ಹಾಕಿ, ಫೈರ್‌ವಾಲ್ ಅನ್ನೋ ಕಾವಲುಗೋಡೇಲಿ ಒಂದು ಗೇಟ್ ಬಿಟ್ಟಿದ್ವಿ. ಎಲ್ಲ ಸರಿ ಇತ್ತು."

"ಏನೂ ಬಾಕಿ ಇರಲಿಲ್ವಾ?"

"ಚಿಲ್ಲರೆ ಕೆಲಸ ಒಂದು. ಮುಗಿದ ಸಮಯ ಇಲ್ಲದ ಹಳೇ ಕರೆಗಳನ್ನ ಹೊಸ ವ್ಯವಸ್ಥೆ ತಗೊಳ್ಳಲ್ಲ. ಅವನ್ನ ಮುಚ್ಚಬೇಕಿತ್ತು."

"ಎಷ್ಟಿದ್ವು?"

"ಒಂದೇ."

ಇನ್ಸ್‌ಪೆಕ್ಟರ್ ತಲೆಯೆತ್ತಿ ಪರದೆಯ ತಳ ನೋಡಿದಳು.

"ಅದನ್ನ ಮುಚ್ತೀನಿ ಅಂತ ಯಾರಿಗೆ ಹೇಳಿದ್ರಿ?"

ಆ ಕಡೆಯಿಂದ ಡಿಸ್ಕಿನ ಸದ್ದು ಮಾತ್ರ ಕೇಳುತ್ತಿತ್ತು.

"ನಿಮ್ಮ ಡಿಸ್ಕಿಗೆ ನಿಮ್ಮಷ್ಟು ತಾಳ್ಮೆ ಇಲ್ಲ. ಹೇಳಿ."

"ಅಕ್ಕನಿಗೆ. ಶನಿವಾರ. ನಾಳೆ ಎಂಟಕ್ಕೆ ಮೊದಲು ಅದನ್ನ ಮುಚ್ಚಿ, ಆಮೇಲೆ ಸಾಗಾಟ ಅಂತ. ಅವರು ಸರಿಯಪ್ಪ ಅಂದ್ರು. ಅಷ್ಟೇ ಮೇಡಂ. ಬೈಲಿಲ್ಲ, ಅಳಲಿಲ್ಲ."

ಗಾಜಿನ ಕೋಣೆಗೆ ವಾಪಸು ಬಂದು ಅವಳು ಬಾಗಿಲು ಹಾಕಿಕೊಂಡಳು. ಸಮಯ ೧೨.೦೫.

"ಆ ಕರೆ ಯಾರದು?"

ದೊಡ್ಡಕ್ಕ ಕನ್ನಡಕ ತೆಗೆದಳು. ಒರೆಸಲಿಲ್ಲ, ಸುಮ್ಮನೆ ಹಿಡಿದುಕೊಂಡಳು.

"ಗೊತ್ತಿಲ್ಲ. ಸಣ್ಣ ಮಗು. ನಾಲ್ಕೋ ಐದೋ ವರ್ಷ ಇರಬಹುದು. 'ಅಮ್ಮ ಏಳ್ತಿಲ್ಲ' ಅಂತು. ಎಲ್ಲಿದೀಯ ಪುಟ್ಟಾ ಅಂದೆ. 'ಮನೇಲಿ' ಅಂತು. ಕಿಟಕಿ ಹೊರಗೆ ಏನು ಕಾಣ್ಸುತ್ತೆ ಅಂದೆ. ನೋಡ್ಕೊಂಡು ಬರ್ತೀನಿ ಅಂತ ಫೋನ್ ಇಟ್ಟು ಹೋಯ್ತು. ಹೋಗೋ ಹೆಜ್ಜೆ ಸದ್ದು ಕೇಳಿಸ್ತು. ಆಮೇಲೆ ಫೋನ್ ಸತ್ತೋಯ್ತು. ಚಾರ್ಜ್ ಹೋಯ್ತೋ ಏನೋ."

"ಗಾಡಿ ಕಳಿಸಿದ್ರಾ?"

"ಟವರ್ ಇದ್ದ ಕಡೆ ಎಲ್ಲ ಬೀದಿ ಸುತ್ತಿಸಿದೆ. ಪಾಳಿ ಮುಗಿದ ಮೇಲೆ ನಾನೇ ನಡ್ಕೊಂಡು ಸುತ್ತಿದೆ. ಪೊಲೀಸರಿಗೂ ಹೇಳಿದ್ವಿ. ಸಿಮ್ಮಿನ ವಿಳಾಸ ಸುಳ್ಳು ಅಂದ್ರು. ಆಮೇಲೆ ಯಾರೂ ಕೇಳ್ಲಿಲ್ಲ." ಅವಳು ಇನ್ಸ್‌ಪೆಕ್ಟರ್‌ಳ ಸಮವಸ್ತ್ರದ ಗುಂಡಿ ನೋಡುತ್ತ ಹೇಳಿದಳು. "ಕರೆ ತೆರೆದಿದ್ರೆ ಆ ನಂಬರಿಂದ ಫೋನ್ ಬಂದ ತಕ್ಷಣ ಎಲ್ಲರಿಗಿಂತ ಮುಂದೆ ಬರುತ್ತೆ ಮೇಡಂ, ಕೆಂಪಗೆ. ಮುಚ್ಚಿದ್ರೆ ಸಾಲಿನಲ್ಲಿ ಕಾಯಬೇಕು. ಕಿಟಕಿ ನೋಡ್ಕೊಂಡು ಬಾ ಅಂತ ಕಳಿಸಿದ್ದು ನಾನು. ಅದು ವಾಪಸ್ ಬಂದಾಗ ನಾನಿರಬೇಡ್ವಾ?"

ಇನ್ಸ್‌ಪೆಕ್ಟರ್ ಪೆನ್ನು ಎತ್ತಿದಳು, ಬರೆಯಲಿಲ್ಲ.

"ಭಾನುವಾರ ಏನು ಮಾಡಿದ್ರಿ?"

"ಸೂಪರ್‌ವೈಸರ್ ಇನ್ನೂ ಬಂದಿರಲಿಲ್ಲ. ಖಾತೆ ತೆರೆದೆ. ಪಾಸ್‌ವರ್ಡ್ ಬದಲಾಯಿಸಿದೆ. 'ಒಳಗೆ ಬಿಡು' ಅನ್ನೋ ಸಾಲು ಅವನೇ ನನ್ನ ಕೈಲಿ ಬರೆಸಿದ್ದ, ಅದನ್ನ ಅಳಿಸಿದೆ. ಒಂದು ವಾರ ಮುಂದೆ ಹೋಗುತ್ತೆ, ಅಷ್ಟರಲ್ಲಿ ಸಾಹೇಬರ ಕಾಲಿಗೆ ಬಿದ್ದು ಒಪ್ಪಿಸೋಣ ಅಂದ್ಕೊಂಡೆ."

"ಸಂಜೆ ಡಿಸ್ಕ್ ಹೋಯ್ತು."

"ಹೋಯ್ತು. ಆಗ ಬಾಯೇ ಬರಲಿಲ್ಲ. ಬೆಳಗಿಂದ ಒಂದೊಂದು ಕರೆಗೂ ಜೀವ ಕೈಲಿ ಹಿಡ್ಕೊಂಡು ಕೂತಿದೀನಿ. ಈ ಪರದೆ ಕಪ್ಪಾದ್ರೆ ಎಷ್ಟು ಮನೇಲಿ ಅಮ್ಮಂದಿರು ಏಳಲ್ವೋ, ಅದೆಲ್ಲ ನನ್ನ ತಲೆ ಮೇಲೆ. ಒಂದು ಮಗೂಗೋಸ್ಕರ ಕಾಯ್ತಾ ಕೂತು ಊರನ್ನೇ ಕಾಯಿಸಿಬಿಟ್ಟೆ."

"ಹೊಸ ಪಾಸ್‌ವರ್ಡ್?"

"ಆ ನಂಬರೇ."

ಪಂಚರನ್ನು ಮೇಲೆ ಕರೆಸಲಾಯಿತು. ಸೂಪರ್‌ವೈಸರ್ ಮೇಜಿನಲ್ಲಿ ಮುಖ್ಯಸ್ಥನೇ ಕೂತ. ದೊಡ್ಡಕ್ಕ ಒಂದೊಂದೇ ಅಂಕಿ ಹೇಳಿದಳು, ಎಲ್ಲೂ ತಡವರಿಸದೆ. ಮೇಲೆ ಬಂದಿದ್ದ ಉದ್ದಣ್ಣ ಕಿಟಕಿಯ ಫೋನ್ ಎತ್ತಿ ಕೋಡನ್ನು ಠಾಣೆಯ ಹಾಜರಿ ಕೂಗುವ ಗತ್ತಿನಲ್ಲಿ ಕೂಗಿದ. ಖಾತೆ ತೆರೆಯಿತು. ಅಳಿಸಿದ ಸಾಲನ್ನು ತಂತ್ರಜ್ಞ ಕೆಳಗಿನಿಂದ ಹೇಳಿದ, ಮುಖ್ಯಸ್ಥ ಬರೆದ. ಮೊದಲ ಸಲ ತಪ್ಪು ಬರೆದ.

"ಒಂದು ಚುಕ್ಕೆ ಬಿಟ್ರಿ ಸರ್" ಎಂದಳು ದೊಡ್ಡಕ್ಕ ಮೆಲ್ಲಗೆ.

"ದಾರಿ ಬಂತು!" ಇಂಟರ್‌ಕಾಮಿನಲ್ಲಿ ಹುಡುಗನ ದನಿ ಒಡೆಯಿತು. ಆಮೇಲೆ ತಗ್ಗಿದ ದನಿಯಲ್ಲಿ, "ಮೇಡಂ, ಆ ಒಂದು ಕರೆ. ಮುಚ್ಚದೆ ಶುರು ಮಾಡೋಕಾಗಲ್ಲ. ಮುಗಿದ ಸಮಯ ಏನು ಹಾಕಲಿ?"

ದೊಡ್ಡಕ್ಕ ಪರದೆ ನೋಡುತ್ತಿದ್ದಳು. ಕೆಳಗೆ ಡಿಸ್ಕ್ ಬಡಿದುಕೊಳ್ಳುತ್ತಿತ್ತು, ಆ ಸದ್ದು ಇಂಟರ್‌ಕಾಮಿನಲ್ಲಿ ಹಾದು ಹಾಲಿಗೆಲ್ಲ ಕೇಳುತ್ತಿತ್ತು.

"ಉದ್ದಣ್ಣ," ಇನ್ಸ್‌ಪೆಕ್ಟರ್ ಹೇಳಿದಳು, "ಇನ್ನೊಂದು ಪ್ರಕರಣ ಬರ್ಕೊಳ್ಳಿ. ನಾಪತ್ತೆ. ತಾಯಿ ಮತ್ತು ಮಗು, ಹೆಸರು ಗೊತ್ತಿಲ್ಲ. ಮಾಹಿತಿ ಕೊಟ್ಟವರು ಇವರು. ಫೋನ್ ನಂಬರು ಬರ್ಕೊಳ್ಳಿ. ಆ ಟವರಿನ ಬೀದಿಗಳಲ್ಲಿ ಆ ವರ್ಷ ಸತ್ತ ಹೆಂಗಸರ ವಿವರ, ಅನಾಥಾಲಯಕ್ಕೆ ಸೇರಿಸಿದ ಮಕ್ಕಳ ವಿವರ ನಾಳೆ ತರಿಸಿ." ದೊಡ್ಡಕ್ಕನ ಕಡೆ ತಿರುಗಿದಳು. "ನಮ್ಮ ಠಾಣೇಲಿ ಮುಗಿದ ಸಮಯ ಹಾಕದಿದ್ರೂ ಫೈಲ್ ಇರುತ್ತೆ. ಆ ನಂಬರಿಂದ ಯಾವಾಗ ಕರೆ ಬಂದ್ರೂ ನನಗೆ ತಿಳಿಯೋ ಹಾಗೆ ಫೋನ್ ಕಂಪನಿಗೆ ಬರೀತೀನಿ. ಇದನ್ನ ನನಗೆ ಕೊಡಿ."

ದೊಡ್ಡಕ್ಕ ಅವಳನ್ನು ನೋಡಿದಳು. ಆಮೇಲೆ ತನ್ನ ಮೇಜಿಗೆ ಹೋಗಿ, ಕನ್ನಡಕ ಹಾಕಿಕೊಂಡು, ತಾನೇ ಸಮಯ ಬರೆದಳು. ಕೆಂಪು ಗೆರೆ ಹಸಿರಾಯಿತು. ಅದು ಹೋದ ಮೇಲೂ ಅವಳ ಬೆರಳು ಗುಂಡಿಯ ಮೇಲೇ ಇತ್ತು.

ಮೂರು ಗಂಟೆ ಕಾಲ ಯಾರಿಗೂ ಊಟ ಸೇರಲಿಲ್ಲ. ೩.೨೦ಕ್ಕೆ ಸಾಗಾಟ ಮುಗಿಯಿತು. ಹೊಸ ವ್ಯವಸ್ಥೆಯ ಮೊದಲ ಕರೆ ಪರದೆಗೆ ಬಿದ್ದಾಗ ರೇಡಿಯೋ ಚಪ್ಪಾಳೆ ತಟ್ಟಲು ಹೋಗಿ, ಅದು ಯಾರದೋ ಮನೆಯ ಕಷ್ಟ ಎಂದು ನೆನಪಾಗಿ ಕೈ ಇಳಿಸಿದ. ಮುಖ್ಯಸ್ಥ ಏದುಸಿರು ಬಿಡುತ್ತ ನೆಲಮಾಳಿಗೆಗೆ ಇಳಿದು ಹುಡುಗನ ಭುಜ ತಟ್ಟಿದ. ನಾಲ್ಕರ ಹೊತ್ತಿಗೆ ಡಿಸ್ಕ್ ತಾನಾಗಿ ಸುಮ್ಮನಾಯಿತು.

ದಸ್ತಗಿರಿ ೪.೧೦ಕ್ಕೆ. ದೊಡ್ಡಕ್ಕ ಹೆಡ್‌ಫೋನಿನ ವೈರನ್ನು ಸುತ್ತಿ ಡ್ರಾಯರ್‌ನಲ್ಲಿಟ್ಟು, ಹೊಸ ಹುಡುಗಿಗೆ "ಗಂಟಲು ಒಣಗಿಸಿಕೋಬೇಡ, ನೀರು ಕುಡೀತಾ ಇರು" ಎಂದು ಹೇಳಿ ಎದ್ದಳು. ಮಹಿಳಾ ಕಾನ್‌ಸ್ಟೇಬಲ್ ಅವಳ ತೋಳು ಹಿಡಿಯಲು ಹೋಗಿ ಹಿಡಿಯಲಿಲ್ಲ, ಪಕ್ಕದಲ್ಲಿ ನಡೆದಳು.

ಜೀಪಿನಲ್ಲಿ ಸ್ವಲ್ಪ ದೂರ ಹೋದ ಮೇಲೆ ದೊಡ್ಡಕ್ಕ ಕೇಳಿದಳು. "ಎರಡು ವಾರದ ಹಿಂದೆ, ಭಾನುವಾರ ಬೆಳಿಗ್ಗೆ. ಮೂರನೇ ಮಹಡಿ, ನೀಲಿ ಬಾಗಿಲು. ನೀವೇ ಅಲ್ವಾ?"

ಇನ್ಸ್‌ಪೆಕ್ಟರ್ ಮುಂದಿನ ರಸ್ತೆ ನೋಡುತ್ತಿದ್ದಳು. "ಹೌದು."

"ಬೆಳಿಗ್ಗೆ ಮಾತಾಡಿದಾಗಲೇ ದನಿ ಗುರುತು ಸಿಕ್ತು."

"ನನಗೂ."

"ನೀವು ಚೆನ್ನಾಗಿ ಎಣಿಸಿದ್ರಿ. ಎಲ್ಲೂ ಬಿಡಲಿಲ್ಲ."

ಡ್ರೈವರ್ ಗೇರ್ ಬದಲಿಸಿದ. ಉದ್ದಣ್ಣ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದನ್ನು ಹುಡುಕತೊಡಗಿದ.

"ನಿಮ್ಮ ಆ ಕರೆ ನಾನೇ ಮುಚ್ಚಿದೆ ಮೇಡಂ."

"ಮುಚ್ಚಬೇಕಿತ್ತು" ಎಂದಳು ಇನ್ಸ್‌ಪೆಕ್ಟರ್. ಮತ್ತೆ, ತನಗೇ ಹೇಳಿಕೊಂಡಂತೆ, "ಹೌದು, ಮುಚ್ಚಬೇಕಿತ್ತು."

ಠಾಣೆಯಲ್ಲಿ ವರದಿ ಬರೆಯುವಾಗ ಕೃತ್ಯಕ್ಕೆ ಕಾರಣ ಎಂಬಲ್ಲಿ ಪೆನ್ನು ನಿಂತಿತು. ದ್ವೇಷ, ಲಾಭ, ಮತ್ಸರ, ಯಾವುದೂ ಹೊಂದಲಿಲ್ಲ. ಕೊನೆಗೆ ಬರೆದಳು: "ಆರೋಪಿಗೆ ಇದರಿಂದ ಯಾವ ಲಾಭವೂ ಇರಲಿಲ್ಲ. ಬರುತ್ತೇನೆಂದು ಹೋದವರು ಬರುವವರೆಗೆ ಫೋನ್ ಇಡಬಾರದೆಂಬುದು ಆಕೆಯ ಕೆಲಸದ ರೂಢಿ."

ಮನೆಗೆ ಬಂದಾಗ ಹೊರಗೆ ಇನ್ನೂ ಬೆಳಕಿತ್ತು, ನಡುದಾರಿಯಲ್ಲಿ ಮಾತ್ರ ಕತ್ತಲೆ. ಸಮವಸ್ತ್ರ ಬದಲಿಸದೆ ಏಣಿ ಬಿಡಿಸಿ ನಿಲ್ಲಿಸಿದಳು. ಬಲ್ಬು ಗಂಡ ಇಟ್ಟ ಜಾಗದಲ್ಲೇ ಇತ್ತು, ಡಬ್ಬಿಯ ಸಮೇತ, ಶೂ ಗೂಡಿನ ಮೇಲೆ. ಅತ್ತೆ ಬಂದು ಏನೂ ಕೇಳದೆ ಏಣಿಯ ಕಾಲು ಹಿಡಿದುಕೊಂಡರು.

"ಗಟ್ಟಿಯಾಗಿ ಹಿಡ್ಕೊಂಡಿದೀನಿ. ಹತ್ತು."

ಅವಳು ಹತ್ತಿದಳು. ಹಳೆಯ ಬಲ್ಬು ಬಿಚ್ಚಿ ಹೊಸದು ತಿರುಗಿಸಿದಳು. ಅತ್ತೆ ಸ್ವಿಚ್ ಒತ್ತಿದರು. ಬೆಳಕು ಬಿದ್ದ ಕೂಡಲೇ ಒಬ್ಬರ ಮುಖ ಒಬ್ಬರಿಗೆ ಕಂಡಿತು. ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡು, "ಧೂಳು ಉದುರಿಸಿದೆ ನೋಡು" ಅಂದರು.

ಏಣಿ ಮಡಚಿ ಹೆಗಲಿಗೇರಿಸಿಕೊಂಡು ಅವಳು ಕೆಳಗಿಳಿದಳು. ತಿರುವಿನಲ್ಲಿ ಗೋಡೆಗೆ ತಾಗಿ ಸುಣ್ಣ ಉದುರಿತು. ಪೇಂಟರ್ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಬ್ರಷ್ ತೊಳೆಯುತ್ತಿದ್ದವನು ಗಡಬಡಿಸಿ ಎದ್ದ.

"ಅಯ್ಯೋ, ನೀವ್ಯಾಕೆ ಹೊತ್ಕೊಂಡು ಬಂದ್ರಿ ಮೇಡಂ? ಅವಸರ ಏನಿರಲಿಲ್ಲ. ಕೆಲಸ ಆಗೋವರೆಗೂ ಇಟ್ಕೊಳ್ಳಿ."

"ಕೆಲಸ ಆಯ್ತು."

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಏಣಿ ತೆಗೆದುಕೊಂಡ. ಗೋಡೆಗೆ ಒರಗಿಸಿದ. ಏನು ಹೇಳಬೇಕೋ ತೋಚದೆ, "ಅಣ್ಣ ಒಂದೇ ದಿನಕ್ಕೆ ಅಂತ ತಗೊಂಡು ಹೋಗಿದ್ರು" ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡ.

"ಹೌದು" ಎಂದಳು ಅವಳು. "ವಾಪಸ್ ಕೊಡೋದು ಸ್ವಲ್ಪ ತಡ ಆಯ್ತು."